ಉದ್ಘಾಟನೆಯಾಗದ ಮೇಜು

(ಅಮೆರಿಕದ ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್. ಮಧ್ಯಾಹ್ನ ಎರಡು ದಾಟಿದೆ. ಮನೆಯವರೆಲ್ಲ ವರ್ನಲ್ ಜಲಪಾತ ಹತ್ತಲು ಹೋಗಿದ್ದಾರೆ. ಮಂಡಿನೋವಿನ ನಾನು ಬಾಡಿಗೆಯ ಮನೆ-ಗಾಡಿ ಆರ್‌ವಿ ಕಾಯಲು ಉಳಿದಿದ್ದೇನೆ. ಪಕ್ಕದ ಸೈಟಿನ ಕಂಬಕ್ಕೆ ಯಾರದೋ ಹೆಸರಿನ ಚೀಟಿ ಸಿಕ್ಕಿಸಿದ್ದಾರೆ, ಆಸಾಮಿಯ ಪತ್ತೆ ಇಲ್ಲ. ಅಲ್ಲಿನ ಪಿಕ್‌ನಿಕ್ ಮೇಜು ಬಿಡುವಾಗಿದೆ.)

ನಾನು: ನಮಸ್ಕಾರ. ತಮ್ಮ ಉದ್ಘಾಟನೆ ಮಾಡಿದವರು ಯಾರು?

ಮೇಜು: ಏನು ಮಾಡಿದವರು?

ನಾನು: ಟೇಪು ಕತ್ತರಿಸಿ, ದೀಪ ಹಚ್ಚಿ, ಎರಡು ಮಾತಾಡಿ...

ಮೇಜು: ಯಾರೂ ಇಲ್ಲ ಸ್ವಾಮಿ. ಲಾರಿಯಲ್ಲಿ ತಂದು ಇಳಿಸಿದರು. ಮೊದಲ ದಿನವೇ ಒಂದು ಮಗು ಕೆಚಪ್ ಚೆಲ್ಲಿತು. ಬೇಕಾದರೆ ಅದನ್ನೇ ಉದ್ಘಾಟನೆ ಅಂತ ಬರೆದುಕೊಳ್ಳಿ.

ನಾನು: ಮೈಮೇಲೆ ಹೆಸರೂ ಇಲ್ಲವಲ್ಲ! ನಮ್ಮ ಕಡೆ ಪಾರ್ಕಿಗೆ ಕಲ್ಲುಬೆಂಚು ಹಾಕಿದರೆ ಒರಗುವ ಜಾಗದಲ್ಲೇ ‘ಮಾನ್ಯ ಶಾಸಕರ ಅನುದಾನದಲ್ಲಿ’ ಅಂತ ಕೆಂಪಕ್ಷರ ಬರೆಸಿರುತ್ತಾರೆ. ಬಣ್ಣ ಒಣಗುವ ಮುಂಚೆ ಕೂತರೆ ಅರ್ಧ ಶಾಸಕರು ಅಂಗಿಗೆ ಅಂಟಿಕೊಂಡು ಮನೆಗೇ ಬರುತ್ತಾರೆ. ಬಸ್ ತಂಗುದಾಣವಾದರೆ ಅವರ ಫೋಟೊ, ಅವರ ಹಿಂಬಾಲಕರ ಫೋಟೊ. ಜಾಗ ಉಳಿದರೆ ಬಸ್ಸಿನ ನಂಬರು.

ಮೇಜು: ಹೆಸರಿಗೇನು ಬರ, ಚಾಕು ಸಿಕ್ಕ ಪ್ರೇಮಿಗಳೆಲ್ಲ ಕೆತ್ತಿದ್ದಾರೆ. ಅದು ಬಿಡಿ. ನೀವು ಕೇಳಬೇಕಾದದ್ದು ಜನರೇಟರಿನ ವಿಷಯ.

ನಾನು: ಅದಕ್ಕಿಂತ ದೊಡ್ಡ ಅನ್ಯಾಯ ಈ ಬುಕಿಂಗ್ ಅಲ್ಲವೇ? ಐದು ತಿಂಗಳು ಮುಂಚೆ, ಹದಿನೈದನೇ ತಾರೀಕು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬೆರಳು ಒತ್ತಬೇಕು. ಕಾಫಿ ಆರುವುದರೊಳಗೆ 230ಕ್ಕೂ ಹೆಚ್ಚು ಸೈಟುಗಳು ಖಾಲಿ. ಅಷ್ಟು ಒದ್ದಾಡಿ ಹಿಡಿದವರು ಬರುವುದೇ ಇಲ್ಲ. ಈ ನಿಮ್ಮ ಸೈಟನ್ನೇ ನೋಡಿ.

ಮೇಜು: ಬಾರದವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರಷ್ಟು ಸಜ್ಜನರು ಯಾರಿದ್ದಾರೆ? ಒಂದು ರಾತ್ರಿಗೆ 36 ಡಾಲರ್ ಕೊಟ್ಟು ಮನೆಯಲ್ಲೇ ಮಲಗುತ್ತಾರೆ, ನನಗೊಂದು ದಿನ ನೆಮ್ಮದಿ. ಬಂದವರ ಕಥೆ ಕೇಳಿ. ಗಂಟೆಗಟ್ಟಲೆ ಘಟ್ಟ ಹತ್ತಿ ಬರುತ್ತಾರೆ. ಮನೆಯಷ್ಟು ಉದ್ದದ ಗಾಡಿ, ಒಳಗೆ ಮಂಚ, ಒಲೆ, ಕಕ್ಕಸು. ಇಲ್ಲಿ ಕರೆಂಟಿನ ಸಂಪರ್ಕವಿಲ್ಲ ಅಂತ ಗೊತ್ತಾದ ಕೂಡಲೇ ಕೈ ಹೋಗುವುದು ಜನರೇಟರಿಗೆ. ಮೊನ್ನೆ ಒಂದು ಸಂಸಾರ ಕಿಟಕಿಯ ಪರದೆ ಎಳೆದು ಏಸಿ ಹಾಕಿಕೊಂಡು ಕೂತಿತ್ತು. ಟಿವಿ ಸುಮ್ಮನಿರುವಾಗ ಬರುವ ಚಿತ್ರವನ್ನು ನೋಡುತ್ತಿದ್ದರು. ಯಾವ ಚಿತ್ರ ಗೊತ್ತೇ? ಈ ಕಣಿವೆಯ ಹಾಫ್ ಡೋಮ್ ಬಂಡೆ! ಪರದೆ ಸರಿಸಿದ್ದರೆ ನಿಜವಾದದ್ದೇ ಅಲ್ಲಿತ್ತು.

ನಾನು: ಜನರೇಟರಿಗೂ ಸಮಯ ಇಟ್ಟಿದ್ದಾರಲ್ಲ?

ಮೇಜು: ಇಟ್ಟಿದ್ದಾರೆ. ಬೆಳಿಗ್ಗೆ ಏಳರಿಂದ ಒಂಬತ್ತು, ಮಧ್ಯಾಹ್ನ ಹನ್ನೆರಡರಿಂದ ಎರಡು, ಸಂಜೆ ಐದರಿಂದ ಏಳು.

ನಾನು: ನಮ್ಮ ಪಂಚಾಂಗದ ರಾಹುಕಾಲ, ಯಮಗಂಡಕಾಲ, ಗುಳಿಕಕಾಲದ ಹಾಗೆ.

ಮೇಜು: ಅವುಗಳಲ್ಲಿ ಜನ ಸುಮ್ಮನಿರುತ್ತಾರಂತಲ್ಲ, ಪುಣ್ಯವಂತರು. ಇಲ್ಲಿ ನಿಯಮದಲ್ಲಿ ‘ಮಿತವಾಗಿ ಬಳಸಿ’ ಅಂತಿದೆ. ಇವರು ಅದನ್ನು ‘ಕಡ್ಡಾಯವಾಗಿ ಬಳಸಿ’ ಅಂತ ಓದಿಕೊಳ್ಳುತ್ತಾರೆ. ಏಳಕ್ಕೆ ಎರಡು ನಿಮಿಷ ಇರುವಾಗ ಹಗ್ಗ ಹಿಡಿದು ನಿಂತಿರುತ್ತಾರೆ.

ನಾನು: 1997ರ ಜನವರಿಯಲ್ಲಿ ಮರ್ಸೆಡ್ ನದಿ ಉಕ್ಕಿ ನಿಮ್ಮ ನೆಂಟರಿದ್ದ ಅಪ್ಪರ್ ರಿವರ್, ಲೋವರ್ ರಿವರ್ ಕ್ಯಾಂಪುಗಳೇ ಹೋದವು. ಅದರ ಬಗ್ಗೆ...

ಮೇಜು: ನದಿ ಬಂದಾಗಲೂ ಸದ್ದಾಯಿತು. ಆದರೆ ಅದಕ್ಕೆ ಹೊಗೆ ಇರಲಿಲ್ಲ. 1903ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ಜೊತೆ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬಂದು ಇದೇ ಯೊಸೆಮಿಟಿಯಲ್ಲಿ ಮೂರು ರಾತ್ರಿ ಬಯಲಲ್ಲಿ ಮಲಗಿದ್ದ. ಜನರೇಟರ್ ತಂದಿದ್ದನೇ?

ನಾನು: ಪಾರ್ಕಿನ ಪಾಸಿನ ಮೇಲೆ ತನ್ನ ಮುಖವನ್ನಾದರೂ ಅಚ್ಚು ಹಾಕಿಸಿದ್ದನೇ? ಅಲ್ಲಿಗೇ ಬರುತ್ತಿದ್ದೇನೆ. ಈ ರೋಗ ನಮ್ಮೂರಿನದು ಮಾತ್ರ ಅಂದುಕೊಂಡಿದ್ದೆ. ಇಲ್ಲಿನ ರಾಷ್ಟ್ರೀಯ ಪಾರ್ಕುಗಳ 2026ರ ವಾರ್ಷಿಕ ಪಾಸು ನೋಡಿದೆ: ಜಾರ್ಜ್ ವಾಷಿಂಗ್ಟನ್ ಪಕ್ಕದಲ್ಲಿ ಟ್ರಂಪ್ ಮುಖ! ಜನ ಅದರ ಮೇಲೆ ಕರಡಿಯ ಸ್ಟಿಕರ್ ಅಂಟಿಸಿದರೆ ಪಾಸೇ ರದ್ದಾದೀತು ಎಂಬ ಎಚ್ಚರಿಕೆ ಬೇರೆ. ಜೂನ್ 14ಕ್ಕೆ ಅಮೆರಿಕದ ನಿವಾಸಿಗಳಿಗೆ ಪ್ರವೇಶ ಉಚಿತ, ಅದು ಬಾವುಟದ ದಿನ, ಜೊತೆಗೆ ಟ್ರಂಪ್ ಹುಟ್ಟುಹಬ್ಬ. ಮಾರ್ಟಿನ್ ಲೂಥರ್ ಕಿಂಗ್ ದಿನದ ಉಚಿತ ಪ್ರವೇಶ ತೆಗೆದುಹಾಕಿದರು. ನನ್ನಂಥ ಪರದೇಶಿ 80 ಡಾಲರಿನ ಜಾಗದಲ್ಲಿ 250 ಕೊಡಬೇಕು, ನಿಜ. ಆದರೆ ನಮ್ಮ ಪಾಸಿನ ಮೇಲೆ ಮುಖವಿಲ್ಲ, ಗ್ಲೇಷಿಯರ್ ಪಾರ್ಕಿನ ಚಿತ್ರವಿದೆ. ಹೆಚ್ಚಿನ 170 ಡಾಲರನ್ನು ನಾನು ಆ ಮುಖವಿಲ್ಲದ್ದಕ್ಕೆ ಕೊಟ್ಟದ್ದು ಅಂತಲೇ ತಿಳಿದಿದ್ದೇನೆ. ನಮ್ಮಲ್ಲೂ ಹೀಗೊಂದು ಯೋಜನೆ ಬಂದರೆ, ಶಾಸಕರ ಹೆಸರಿಲ್ಲದ ಬೆಂಚಿಗೆ ತಾಸಿಗೆ ಹತ್ತು ರೂಪಾಯಿ ಹೆಚ್ಚು...

ಮೇಜು: ನಿಮಗೆ ಮುಖದ್ದೇ ಚಿಂತೆಯಾಯಿತು. ಕೈಗಳ ಬಗ್ಗೆ ಕೇಳಿ.

ನಾನು: ಯಾವ ಕೈ?

ಮೇಜು: ಕಕ್ಕಸು ತೊಳೆಯುವ ಕೈ. ಕರಡಿ ಬಾರದಂತೆ ಕಸದ ಡಬ್ಬಿ ಖಾಲಿ ಮಾಡುವ ಕೈ. 2025ರ ಫೆಬ್ರವರಿ 14ರಂದು ದೇಶದ ಪಾರ್ಕುಗಳಿಂದ ಸುಮಾರು ಸಾವಿರ ಜನರನ್ನು ಒಂದೇ ಏಟಿಗೆ ತೆಗೆದರು. ಇನ್ನೂ ಕಾಯಂ ಆಗಿರದವರು. ನಿಮ್ಮ ಯೋಗ್ಯತೆ ಇಲಾಖೆಯ ಅಗತ್ಯಕ್ಕೆ ಹೊಂದುವುದಿಲ್ಲ ಅಂತ ಕಾಗದ ಕೊಟ್ಟರು. ಈ ಇಡೀ ಪಾರ್ಕಿಗೆ ಬೀಗ ರಿಪೇರಿಯವನು ಒಬ್ಬನೇ ಇದ್ದ, ಅವನನ್ನೂ ಬಿಡಲಿಲ್ಲ. ಪಾರ್ಕಿನ ಕೆಲವು ನೌಕರರು ಎಲ್ ಕ್ಯಾಪಿಟನ್ ಬಂಡೆಯಿಂದ ಬಾವುಟವನ್ನು ಆಪತ್ತಿನ ಗುರುತಾಗಿ ತಲೆಕೆಳಗಾಗಿ ಇಳಿಬಿಟ್ಟರು. ಕೆಳಗಿದ್ದವರು ಫೋಟೊ ಹಿಡಿದರು. ಆಮೇಲೆ ಕೋರ್ಟು ಹೇಳಿತು ಅಂತ ಕೆಲವರನ್ನು ವಾಪಸ್ ಕರೆದರು. ವಾಪಸ್ ಕರೆದರೆ ಆ ಕಾಗದದ ಮಾತು ಅಳಿಸುತ್ತದೆಯೇ? ಅದೇ ವರ್ಷ ಅಕ್ಟೋಬರಿನಿಂದ 43 ದಿನ ಸರ್ಕಾರವೇ ಬಾಗಿಲು ಹಾಕಿತು. ಪಾರ್ಕಿನ ಗೇಟು ಮಾತ್ರ ತೆರೆದಿತ್ತು. ಬನ್ನಿ, ನೋಡಿ, ಹೋಗಿ. ತೊಳೆಯುವವರು ಕಡಿಮೆ, ಹೇಳುವವರು ಕಡಿಮೆ, ಕೇಳುವವರು ಕಡಿಮೆ. ಜನರೇಟರಿನವನ ಹತ್ತಿರ ಹೋಗಿ ‘ಸ್ವಲ್ಪ ನಿಲ್ಲಿಸಿ’ ಅನ್ನಲು ನನಗೆ ಕಾಲಿದೆ, ಬಾಯಿಲ್ಲ. ಆ ಮಾತು ಹೇಳುತ್ತಿದ್ದವರು ಅವರೇ.

ನಾನು: ಅಂಥವರ ಹೆಸರಿನಲ್ಲಿ ಒಂದು ಬೆಂಚನ್ನಾದರೂ...

ಮೇಜು: ಬೆಂಚು ಬೇಡ ಸ್ವಾಮಿ. ಸಂಬಳ ಕೊಡಿ.

ನಾನು: ಕೊನೆಯ ಪ್ರಶ್ನೆ. ಆ ಬೆಂಚಿನ ಉದ್ಘಾಟನೆಗೆ...

(ಐದು ಗಂಟೆ. ಎದುರು ಸಾಲಿನಲ್ಲಿ ಒಂದು, ಹಿಂದೆ ಎರಡು, ತಿರುವಿನಲ್ಲಿ ಇನ್ನೊಂದು. ಮೇಜು ಸಾಕಷ್ಟು ಹೊತ್ತು ಏನೋ ಹೇಳುತ್ತಲೇ ಇತ್ತು. ನಾನು ಬರೆದುಕೊಂಡದ್ದು, ಆ ಸದ್ದಿನಲ್ಲಿ ಕೇಳಿಸಿದ್ದು ಒಂದೇ ಮಾತು: ‘ಮಿತವಾಗಿ!’)