ಪದ್ಮಿನಿಯ ಬಾಣಂತನ

ಇಂಜಿನ್ ಬಿಚ್ಚಿ ಕಟ್ಟಿಸಿದ ಕಾರಿಗೂ ಬಾಣಂತನ ಮಾಡಬೇಕೆಂಬುದು ಹಳೇ ಮೇಸ್ತ್ರಿಗಳ ಕಟ್ಟಪ್ಪಣೆ. ಮೊದಲ 1000 ಕಿಲೋಮೀಟರ್ 50ರ ಮೇಲೆ ಓಡಿಸಬಾರದು, ಸುಮ್ಮಸುಮ್ಮನೆ ರೇಸ್ ಮಾಡಬಾರದು, ಏರು ಹತ್ತಿಸಿ ದಣಿಸಬಾರದು. ನಮ್ಮ 1984ರ ಪ್ರೀಮಿಯರ್ ಪದ್ಮಿನಿಗೆ ಈ ಪಥ್ಯವನ್ನೆಲ್ಲ ಶ್ರದ್ಧೆಯಿಂದ ಮಾಡಿಸಿದೆ. ತೀರ್ಥಹಳ್ಳಿ ಸುತ್ತಿನ ಮೊಪೆಡ್‌ಗಳೆಲ್ಲ ನಮ್ಮನ್ನು ದಾಟಿ, ಹಿಂತಿರುಗಿ ನೋಡಿ ಹೋದವು. ಆದರೆ ಪಥ್ಯದಲ್ಲೊಂದು ತೊಡಕಿದೆ: 50ರ ಮೇಲಿನ ಕಾಯಿಲೆ 50ರೊಳಗೆ ಗೊತ್ತಾಗುವುದಿಲ್ಲ.

ಪಥ್ಯ ಮುಗಿಸಿ ಉಡುಪಿಗೆ ಹೊರಟೆವು. ಆಗುಂಬೆ ಘಾಟಿ ಇಳಿಯುವಾಗ ಎಂಥ ಕಾರೂ ಚೆನ್ನಾಗಿಯೇ ಓಡುತ್ತದೆ. ಬಣ್ಣ ಬಯಲಾದದ್ದು ವಾಪಸು ಬರುತ್ತ, ಸೋಮೇಶ್ವರದ ಕಡೆಯಿಂದ ಆ 14 ತಿರುವುಗಳನ್ನು ಹತ್ತುವಾಗ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಹೆಚ್ಚಿತೇ ಹೊರತು ಓಟ ಹೆಚ್ಚಲಿಲ್ಲ. ಕಾಲು ಸಡಿಲಿಸಿದರೆ ಎಳೆಯುತ್ತದೆ, ಒತ್ತಿದರೆ ಸೊರಗುತ್ತದೆ. ಈ 1089 ಸಿಸಿ ಇಂಜಿನ್ನಿನ ಶಕ್ತಿ ಸುಮಾರು 40 ಕುದುರೆ. ಅವುಗಳಲ್ಲಿ ಅರ್ಧ ಸೋಮೇಶ್ವರದಲ್ಲೇ ಇಳಿದುಕೊಂಡಿದ್ದವು. ರೇಡಿಯೇಟರ್ ನೀರು ಮಾತ್ರ ಬಹಳ ಉತ್ಸಾಹದಿಂದ ಕುದಿಯುತ್ತಿತ್ತು.

ಇಂಜಿನ್ ಕಟ್ಟಿದ ಮೇಸ್ತ್ರಿ ನಕ್ಕುಬಿಟ್ಟ. "ರಿಂಗ್ ಇನ್ನೂ ಕೂತಿಲ್ಲ ಸಾರ್. ಓಡ್ತಾ ಓಡ್ತಾ ಕೂತ್ಕೊಳುತ್ತೆ."

ಅಲ್ಲಿಂದ ಶುರುವಾಯಿತು ಪಂಡಿತರ ಸಾಲು. ಯಾರಿಗೆ ಯಾವ ಕಸುಬು ಬರುತ್ತದೋ ಅವರಿಗೆ ಅದರದೇ ದೋಷ ಕಂಡಿತು. ಕಾರ್ಬ್ಯುರೇಟರ್ ಬಲ್ಲವನು ಮೇನ್ ಜೆಟ್ಟಿನಲ್ಲಿ ಕಸ ಅಂದ. ಟ್ಯಾಪೆಟ್ ಅಂತರ ಸರಿಯಿಲ್ಲ ಅಂದ ಇನ್ನೊಬ್ಬ. ಟೈಮಿಂಗ್ ಚೈನು ಒಂದು ಹಲ್ಲು ತಪ್ಪಿದೆ ಅಂದ ಮತ್ತೊಬ್ಬ. ಸೈಲೆನ್ಸರ್ ಬೆಸುಗೆಯವನಂತೂ ತತ್ವಜ್ಞಾನಿ. "ಹಳೇ ಉಸಿರು ಹೊರಗೆ ಹೋಗದಿದ್ರೆ ಹೊಸ ಉಸಿರು ಒಳಗೆ ಎಲ್ಲಿಂದ ಬರಬೇಕು ಸ್ವಾಮಿ?" ಪಾಪ, ಯಾರೂ ಸುಳ್ಳಾಡಲಿಲ್ಲ. ಇವೆಲ್ಲ ವೇಗ ಏರಿದಾಗ ಶಕ್ತಿ ನುಂಗುವ ಕಾಯಿಲೆಗಳೇ. ನಮ್ಮ ಕಾರಿಗೆ ಬಂದಿರಲಿಲ್ಲ, ಅಷ್ಟೇ. ಜೆಟ್ ಊದಿಸಿದ್ದಾಯಿತು. ಸೈಲೆನ್ಸರ್ ಕಳಚಿ ಓಡಿಸಿದಾಗ ನಾವು ಬರುವ ಸುದ್ದಿ ಊರಿಗೆಲ್ಲ ಮೊದಲೇ ಮುಟ್ಟಿತು, ನಾವು ತಡವಾಗಿಯೇ ಮುಟ್ಟಿದೆವು. ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿತ್ತು, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಹೆಚ್ಚುಕಮ್ಮಿ ಸಮವಾಗಿತ್ತು. ಅಂದರೆ ದುಡ್ಡು ಸುರಿದ ಭಾಗವೆಲ್ಲ ಆರೋಗ್ಯವಾಗಿಯೇ ಇತ್ತು. ಆದರೂ ಎಲ್ಲರ ಕಣ್ಣೂ ಅದರ ಮೇಲೇ.

ಬೆಂಗಳೂರಿನಿಂದ ಬಂದ ಅಕ್ಕನ ಮಗ ಒಂದು ಸ್ಕ್ಯಾನರ್ ತಂದಿದ್ದ. ಕಾರಿಗೆ ಸಿಕ್ಕಿಸಿದರೆ ರೋಗವನ್ನು ಮೊಬೈಲಿನಲ್ಲಿ ಬರೆದು ತೋರಿಸುತ್ತದಂತೆ. ಸಿಕ್ಕಿಸುವ ಜಾಗ ಹುಡುಕುತ್ತ ಡ್ಯಾಶ್‌ಬೋರ್ಡಿನ ಕೆಳಗೆ ಬಹಳ ಹೊತ್ತು ಮಲಗಿದ್ದ. ಒಂದು ಜಿರಳೆಯೂ ಅವನಿಗಿಂತ ಹಳೆಯದಾದ ಒಂದು ಪೆಟ್ರೋಲ್ ರಸೀದಿಯೂ ಸಿಕ್ಕವು. ಈ ಕಾರಿನಲ್ಲಿ ಕಂಪ್ಯೂಟರ್ ಹಾಗಿರಲಿ, ಆರ್‌ಪಿಎಂ ತೋರಿಸುವ ಮೀಟರೂ ಇಲ್ಲ.

"ಎಷ್ಟು ಆರ್‌ಪಿಎಂಗೆ ಪವರ್ ಬೀಳುತ್ತೆ ಮಾವ?"

"ನಿಮ್ಮತ್ತೆ ಕಿವಿ ಮುಚ್ಚಿಕೊಳ್ಳೋ ಹೊತ್ತಿಗೆ" ಅಂದೆ.

ಕೊನೆಗೆ ಹಾರ್ನು ರಿಪೇರಿಗೆಂದು ಹೋದಾಗ ಮುದಿ ಎಲೆಕ್ಟ್ರೀಷಿಯನ್ ಕಥೆಯೆಲ್ಲ ಕೇಳಿಸಿಕೊಂಡರು. ಒಂದು ಮಾತೂ ಆಡದೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರನ್ನು ಬೆರಳಲ್ಲಿ ತಿರುಗಿಸಿ ಬಿಡಲು ನೋಡಿದರು. ಬಿಟ್ಟೊಡನೆ ಅದು ಸ್ಪ್ರಿಂಗಿನ ಬಲಕ್ಕೆ ಚಟಕ್ಕನೆ ಹಿಂದಕ್ಕೆ ಬರಬೇಕು. ನಮ್ಮದು ಬರುವುದಿರಲಿ, ಮುಂದಕ್ಕೇ ಹೋಗಲಿಲ್ಲ.

ಕಿಡಿ ಹತ್ತಿದ ಕೂಡಲೇ ಪೆಟ್ರೋಲು ಉರಿದು ಮುಗಿಯುವುದಿಲ್ಲ, ಒಂದೆರಡು ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 750 ಸುತ್ತಿನಲ್ಲಿ ಇಂಜಿನ್ ಆರಾಮಾಗಿ ಗುನುಗುವಾಗ ಕ್ರ್ಯಾಂಕು ಒಂದು ಮಿಲಿಸೆಕೆಂಡಿಗೆ ತಿರುಗುವುದು 4.5 ಡಿಗ್ರಿ. 3000 ಸುತ್ತಿಗೆ ಏರಿದರೆ ಅದೇ ಹೊತ್ತಿನಲ್ಲಿ 18 ಡಿಗ್ರಿ. ಹಾಗಾಗಿ ವೇಗ ಏರಿದಂತೆ ಕಿಡಿ ಇನ್ನಷ್ಟು ಮುಂಚಿತವಾಗಿ ಬರಬೇಕು. ಇಲ್ಲದಿದ್ದರೆ ಪಿಸ್ಟನ್ ಅರ್ಧ ದಾರಿ ಇಳಿದ ಮೇಲೂ ಬೆಂಕಿ ಉರಿಯುತ್ತಲೇ ಇದ್ದು, ಚಕ್ರಕ್ಕೆ ಸಲ್ಲಬೇಕಾದ ಶಾಖ ರೇಡಿಯೇಟರಿಗೂ ಸೈಲೆನ್ಸರಿಗೂ ದಾನವಾಗುತ್ತದೆ. ಕಿಡಿಯನ್ನು ಹೀಗೆ ಮುಂಚಿತವಾಗಿ ಬರಿಸುವ ಕೆಲಸ ಡಿಸ್ಟ್ರಿಬ್ಯೂಟರಿನ ಹೊಟ್ಟೆಯೊಳಗಿನ ಎರಡು ಪುಟ್ಟ ತೂಕಗಳದ್ದು. ವೇಗಕ್ಕೆ ಅವು ಹೊರಕ್ಕೆ ಚಾಚಿಕೊಂಡು ಕಿಡಿಯ ಹೊತ್ತನ್ನು ಸರಿಸುತ್ತವೆ. ನಮ್ಮವು ತುಕ್ಕು ಹಿಡಿದು ಕೂತಲ್ಲೇ ಕೂತಿದ್ದವು.

ತುಕ್ಕು ಹಿಡಿಯದೆ ಇನ್ನೇನು? ಮಳೆಗಾಲವಿಡೀ ಇಂಜಿನ್ ಬಿಚ್ಚಿ ಬಿದ್ದಿತ್ತು. ಪಿಸ್ಟನ್ನು, ರಿಂಗು, ಬೇರಿಂಗುಗಳಿಗೆಲ್ಲ ಎಣ್ಣೆ ಕಾಗದದ ಉಪಚಾರ. ಡಿಸ್ಟ್ರಿಬ್ಯೂಟರ್ ಮಾತ್ರ ಸೋರುವ ಸೂರಿನಡಿ, ಒಂದು ಡಬ್ಬಿಯಲ್ಲಿ. ಆಷಾಢದ ತೀರ್ಥಹಳ್ಳಿಯಲ್ಲಿ ಕಬ್ಬಿಣಕ್ಕೆ ಅಷ್ಟು ಸಾಕು. ಮೇಸ್ತ್ರಿಯನ್ನು ಕೇಳಿದರೆ ಅವನ ಉತ್ತರ ಸ್ಪಷ್ಟವಾಗಿತ್ತು: "ಅದು ಇಂಜಿನ್ ಅಲ್ವಲ್ಲ ಸಾರ್, ಕರೆಂಟಿಂದು."

ಸೀಮೆಎಣ್ಣೆಯಲ್ಲಿ ತೊಳೆದು, ಎಮರಿ ಕಾಗದದಲ್ಲಿ ತಿಕ್ಕಿ, ಒಂದು ತೊಟ್ಟು ಎಣ್ಣೆ ಬಿಟ್ಟು ಮುಚ್ಚಿದ ಎಲೆಕ್ಟ್ರೀಷಿಯನ್ ಬಿಲ್ ಹಾಕಿದ್ದು ಹಾರ್ನಿಗೆ ಮಾತ್ರ. ಪದ್ಮಿನಿ ಆಗುಂಬೆ ಘಾಟಿಯನ್ನು ಹತ್ತಿದ ವೈಖರಿ ನೋಡಿ ನನ್ನ ಹೆಂಡತಿ ಮೊದಲ ಬಾರಿಗೆ "ನಿಧಾನ" ಎಂದಳು. ಮೇಸ್ತ್ರಿಗೂ ಒಂದು ಸುತ್ತು ಹೊಡೆಸಿದೆ. "ರಿಂಗ್ ಕೂತ್ಕೊಂಡ್ತು, ನಾನು ಹೇಳಿರ್ಲಿಲ್ವಾ?" ಎಂದ.

ಈಗ ಇಷ್ಟು ಶಕ್ತಿ ಬಂದ ಮೇಲೆ ಹಳೆಯ ಕ್ಲಚ್ಚಿಗೆ ತಡೆಯಲಾಗದೆ ಏರಿನಲ್ಲಿ ಜಾರುತ್ತಿದೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕಂತೆ. ಹೇಗೂ ಅಷ್ಟು ಬಿಚ್ಚುತ್ತೇವಲ್ಲ, ಇಂಜಿನ್ನನ್ನೂ ಒಂದು ಸಲ ಇಳಿಸಿ ನೋಡಿಬಿಡೋಣ ಅನ್ನುತ್ತಿದ್ದಾನೆ ಮೇಸ್ತ್ರಿ.