ಊದೋದು ವರ್ಷಕ್ಕೊಮ್ಮೆ, ಕೊಳ್ಳೋದು ಟ್ಯೂಬಾ!

ಶಾಲೆಯ ಬ್ಯಾಂಡಿನಲ್ಲಿ ಟ್ಯೂಬಾ ಎಂಬ ಭಾರಿ ಹಿತ್ತಾಳೆ ವಾದ್ಯ ಊದಿ, ಆಮೇಲೆ ನೌಕರಿ, ಸಂಸಾರ ಎಂದು ಸುಮ್ಮನಾದ ಅಮೆರಿಕನ್ನರಿಗೆ ಡಿಸೆಂಬರ್ ಬಂತೆಂದರೆ ತುಟಿ ತುರಿಸುತ್ತದೆ. ಇದಕ್ಕೆಲ್ಲ ಕಾರಣ ಹಾರ್ವಿ ಫಿಲಿಪ್ಸ್ ಎಂಬ ಪುಣ್ಯಾತ್ಮ. 1974ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನಲ್ಲಿ ನೂರಾರು ಟ್ಯೂಬಾದವರನ್ನು ಗುಡ್ಡೆಹಾಕಿ ಕ್ರಿಸ್‌ಮಸ್ ಹಾಡು ಊದಿಸಿಬಿಟ್ಟ. ಗುರು ವಿಲಿಯಂ ಬೆಲ್ ಅವರ ನೆನಪಿಗಂತೆ. ಗುರುಗಳು ಹುಟ್ಟಿದ್ದೂ ಕ್ರಿಸ್‌ಮಸ್ ದಿನವೇ. ಅಲ್ಲಿಂದ 'ಟ್ಯೂಬಾ ಕ್ರಿಸ್‌ಮಸ್' ಊರೂರಿಗೆ ಹಬ್ಬಿತು.

ಸರಿ, ಊದಿ, ಬೇಡ ಅಂದವರಾರು? ಆದರೆ ಕೊಳ್ಳಲು ಹೊರಟ ಮಹಾಶಯರ ಕಣ್ಣು ಬೀಳುವುದು ಅಂಗಡಿಯಲ್ಲಿರುವ ಅತಿ ದೊಡ್ಡದರ ಮೇಲೇ! ಟ್ಯೂಬಾದ ಗಾತ್ರವನ್ನು 3/4, 4/4, 5/4, 6/4 ಎಂದು ಹೇಳುತ್ತಾರೆ. ಪೂರ್ತಿ ಎಂದರೆ ಒಂದು ತಾನೆ? ಇಲ್ಲಿ ಒಂದೂವರೆ ಪೂರ್ತಿಯೂ ಉಂಟು. ಅದೂ ರೆಡಿಮೇಡ್ ಅಂಗಿಯ ಎಕ್ಸೆಲ್ ಇದ್ದ ಹಾಗೆ, ಒಂದು ಕಂಪನಿಯ 4/4 ಇನ್ನೊಂದು ಕಂಪನಿಯ 5/4. ಬಿ-ಫ್ಲ್ಯಾಟ್ ಶ್ರುತಿಯ ಟ್ಯೂಬಾ ಯಾವ ಗಾತ್ರದ್ದೇ ಆಗಲಿ, ಕೊಳವೆಯ ಉದ್ದ ಸುಮಾರು 18 ಅಡಿಯೇ. ಹಿಗ್ಗುವುದು ಹೊಟ್ಟೆ, ಜತೆಗೆ ಬೆಲೆ.

"ಷಿಕಾಗೋ ಸಿಂಫನಿಯ ಆರ್ನಾಲ್ಡ್ ಜೇಕಬ್ಸ್ ಊದಿದ್ದು ಯಾರ್ಕ್ ಕಂಪನಿಯ 6/4 ಅಲ್ಲವೇ?" ಎಂದು ಕೇಳಬೇಡಿ. ಹೌದು ಸ್ವಾಮಿ, ಊದಿದರು. 1944ರಿಂದ 1988ರವರೆಗೆ ಆ ವಾದ್ಯವೃಂದದಲ್ಲಿ ಅದೇ ಅವರ ಹೊಟ್ಟೆಪಾಡು. ನೀವು ಊದುವುದು ಒಂದು ಮಧ್ಯಾಹ್ನ. ಎರಡನೇ ಸಾಲಿಗೇ ಉಸಿರು ಮುಗಿದು ಏದುಸಿರು ಬಿಟ್ಟರೆ ಯಾರ್ಕ್ ಬಂದು ಬೆನ್ನು ತಟ್ಟುವುದಿಲ್ಲ.

ದೊಡ್ಡದೇ ಬೇಕು, ದುಡ್ಡು ಮಾತ್ರ ಸಾಲದು ಅನ್ನುವವರು ಶಾಲೆಗಳು ಕೈಬಿಟ್ಟ ಹಳೆಯ ಬಿ-ಫ್ಲ್ಯಾಟ್ 4/4 ಹುಡುಕಿ. ಮೈತುಂಬ ನೆಗ್ಗಿದ್ದರೂ ಹೆದರಬೇಡಿ; ಮಕ್ಕಳ ಕೈಗೆ ಸಿಕ್ಕ ಹಿತ್ತಾಳೆ ಇನ್ನು ಹೇಗಿದ್ದೀತು? ಬಾಯಗಲದ ಕಡೆ ಒಂದೆರಡು ನೆಗ್ಗು ಬಿದ್ದರೆ ನಾದ ಕೆಡುವುದಿಲ್ಲ. ನೋಡಬೇಕಾದದ್ದು ಬೆರಳಲ್ಲಿ ಒತ್ತುವ ವಾಲ್ವ್. ಒಂದು ವಾಲ್ವಿನ ಸ್ಲೈಡನ್ನು, ಅಂದರೆ ಅದಕ್ಕೆ ಸೇರಿದ ಜಾರುಕೊಳವೆಯನ್ನು, ವಾಲ್ವ್ ಒತ್ತದೆ, ಹೊರಗೆಳೆಯಿರಿ. ಆಮೇಲೆ ವಾಲ್ವ್ ಒತ್ತಿ. 'ಟಪ್' ಎಂದು ಸದ್ದು ಬಂತೋ, ಗಾಳಿ ಸೋರುತ್ತಿಲ್ಲ ಎಂದರ್ಥ. ಸದ್ದೇ ಇಲ್ಲವೋ, ಮಾರುವವನು ಎಷ್ಟೇ ಹಲ್ಲುಕಿರಿದರೂ ನಮಸ್ಕಾರ ಹೇಳಿ ಹೊರಡಿ. ನಿಮ್ಮ ಉಸಿರೇ ಅಷ್ಟಕ್ಕಷ್ಟೆ, ಅದರಲ್ಲೂ ಅರ್ಧ ಸೋರಿದರೆ ಗತಿ?

ಮೂರು ವಾಲ್ವಿನದಕ್ಕಿಂತ ನಾಲ್ಕರದು ಮೇಲು. ಒಂದನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಒತ್ತಿದರೆ ಸ್ವರ ಮೇಲಕ್ಕೇರಿ ಅಪಶ್ರುತಿಯಾಗುತ್ತದೆ. ನಾಲ್ಕನೆಯದು ಅದನ್ನು ಸರಿಪಡಿಸುತ್ತದೆ. ಹಿತ್ತಾಳೆಯ ಭಾರ ಹೊರಲಾರದ ಬೆನ್ನಿನವರಿಗೆ ಫೈಬರ್‌ಗ್ಲಾಸಿನ ಸೂಸಾಫೋನ್, ಅಂದರೆ ಮೈಗೆ ಸುತ್ತಿಕೊಂಡು ಊದುವ ಟ್ಯೂಬಾ, ಇದೆ. ಕೆಳಗಿನ ಸ್ವರವೂ ಬರುತ್ತದೆ, ಹೆಗಲಿಗೂ ಹಗುರ, ಜೇಬಿಗೂ ಹಗುರ. ಪ್ಲಾಸ್ಟಿಕ್ಕು ಎಂದು ನಕ್ಕವರು ನಗಲಿ.

ಕೊನೆಯ ಮಾತು. ದುಡ್ಡು ಎಣಿಸುವ ಮೊದಲು ಊರಿನ ಹವ್ಯಾಸಿ ಬ್ಯಾಂಡಿನವರನ್ನು ಒಮ್ಮೆ ವಿಚಾರಿಸಿ. ಊದುವವರಿಲ್ಲದ ಟ್ಯೂಬಾ ಅವರಲ್ಲೇ ಮೂಲೆಯಲ್ಲಿ ಕೂತಿರಬಹುದು. ಇಲ್ಲವೆಂದರೆ ಕೊಳ್ಳಿ. ಆದರೆ ಕೊಳ್ಳುವ ಮುಂಚೆ ಕಾರಿನ ಡಿಕ್ಕಿಯನ್ನೂ ಮನೆಯ ಬಾಗಿಲನ್ನೂ ಅಳೆದುಬಿಡಿ, ಮನೆಯವರ ಮುಖವನ್ನೂ ಒಮ್ಮೆ ನೋಡಿಬಿಡಿ.