ನವಫಲಕೋತ್ತರಮಾಂದ್ಯ ಮೀಮಾಂಸೆ

ಗಣಕಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡನ್ನು ಪ್ರತಿಷ್ಠಾಪಿಸಿದ ಮೇಲೂ ಆಟವು ಮೊದಲಿನಷ್ಟೇ, ಕೆಲವೊಮ್ಮೆ ಮೊದಲಿಗಿಂತಲೂ ಮಂದವಾಗಿ ಓಡುವ ವ್ಯಾಧಿಗೆ ಈವರೆಗೆ ಶಾಸ್ತ್ರವಿಲ್ಲ. ಆ ನ್ಯೂನತೆಯ ಪರಿಹಾರಾರ್ಥವಾಗಿ ಈ ಪ್ರಬಂಧ. ಅಧ್ಯಯನಕ್ಷೇತ್ರವು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು. ವಿಚಾರ್ಯವಾಕ್ಯವು "ಅಣ್ಣಾ, ಹೊಸಾ ಕಾರ್ಡ್ ಹಾಕೇನಿ, ಆದ್ರೂ ಗೇಮ್ ಲ್ಯಾಗ್ ಹೊಡ್ಯಾಕತ್ತೈತಿ" ಎಂಬುದು.

ಲಕ್ಷಣ: ನವಫಲಕಪ್ರತಿಷ್ಠೆಯ ಉತ್ತರಕಾಲದಲ್ಲಿ, ಲೋಕರೂಢಿಯಲ್ಲಿ ಎಫ್‌ಪಿಎಸ್ ಎನಿಸಿದ ಪ್ರತಿಸೆಕೆಂಡಿನ ಚಿತ್ರಸಂಖ್ಯೆಯು ವೃದ್ಧಿಹೊಂದದಿರುವುದೇ ನವಫಲಕೋತ್ತರಮಾಂದ್ಯ. ಗುಂಡು ತಗುಲಿದ ವೈರಿಯು ಇನ್ನೂ ಓಡುತ್ತಿದ್ದರೆ ಅದೂ ಮಾಂದ್ಯವೇ ಎಂಬ ಆಕ್ಷೇಪ ನಿಲ್ಲದು. ಅದು ಪಿಂಗ್ ಏರಿದ್ದರಿಂದಾದ ಜಾಲವಿಲಂಬ. ಅಲ್ಲಿ ಎಫ್‌ಪಿಎಸ್ ಅಕ್ಷತವಾಗಿರುತ್ತದೆ, ಮತ್ತು ಯಾವ ಕಾರ್ಡೂ ಅದನ್ನು ಗುಣಪಡಿಸದು.

ಮೊದಲು ಅಧಿಕರಣವಿಚಾರ. ತಾಲೂಕು ಮಾಂದ್ಯಕ್ಕೆ ಕಾರಣವೇ? ಗೋಕಾಕಪಕ್ಷವು ತನ್ನ ಜಲಪಾತದಲ್ಲಿ 1887ರಲ್ಲೇ ವಿದ್ಯುತ್ತು ಹುಟ್ಟಿತೆಂಬ ಹೇತುವಿನಿಂದ ಕರೆಂಟನ್ನು ನಿರ್ದೋಷಿಯೆನ್ನುತ್ತದೆ. ಹುಕ್ಕೇರಿಪಕ್ಷವು 1969ರ ತನ್ನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಮುಂದಿಟ್ಟು, ಹೆಸ್ಕಾಂ ಸೀಮೆಯ ನಿಯಮ ತನಗೆ ಅನ್ವಯಿಸದೆನ್ನುತ್ತದೆ. ನಿರ್ಣಾಯಕವಾದದ್ದು ಮೂಡಲಗಿಯ ದೃಷ್ಟಾಂತ. ಅದು ಗೋಕಾಕದಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದಾಗ ಅಲ್ಲಿನ ಮೇಜುಗಳ ಮೇಲಿದ್ದ ಸೆಟ್ಟುಗಳು ಅಂಗುಲವೂ ಕದಲಲಿಲ್ಲ. ತಾಲೂಕು ಬದಲಾಯಿತು, ಎಫ್‌ಪಿಎಸ್ ಬದಲಾಗಲಿಲ್ಲ. ಆದ್ದರಿಂದ ತಾಲೂಕು, ನೈಯಾಯಿಕರು ಹೇಳುವ ಕುಂಬಾರನ ಕತ್ತೆಯಂತೆ, ಅನ್ಯಥಾಸಿದ್ಧ.

ಮಾಂದ್ಯವೆಂದರೆ ಚಿತ್ರಗಳ ಅಭಾವ. ಅಭಾವವನ್ನು ಪ್ರಾಚೀನರು ನಾಲ್ಕಾಗಿ ವಿಭಜಿಸಿರುವುದರಿಂದ ಐದನೆಯದನ್ನು ಹುಡುಕುವ ಶ್ರಮ ನಮಗಿಲ್ಲ.

1. ಅತ್ಯಂತಾಭಾವ. ಕಾರ್ಡು ಕ್ಯಾಬಿನೆಟ್ಟಿನಲ್ಲಿದೆ, ಚಿತ್ರಪಥದಲ್ಲಿಲ್ಲ. ಯಜಮಾನನು ಮಾನಿಟರಿನ ಎಚ್‌ಡಿಎಂಐ ಕೇಬಲನ್ನು ಕಾರ್ಡಿಗಲ್ಲದೆ ಮದರ್‌ಬೋರ್ಡಿನ ರಂಧ್ರಕ್ಕೆ ಚುಚ್ಚಿರುತ್ತಾನೆ. ರಂಧ್ರಗಳೆರಡೂ ಸಮಾನಾಕಾರ, ಮೇಲಿನದು ಲಂಬ, ಕೆಳಗಿನದು ಅಡ್ಡ. ಕ್ಯಾಬಿನೆಟ್ಟು ಗೋಡೆಗೆ ಆತುಕೊಂಡು ಕೂತಿರುವಾಗ ಹಿಂದಕ್ಕೆ ಕೈ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. ಬೆರಳಿಗೆ ಮೊದಲು ಸಿಕ್ಕ ರಂಧ್ರವೇ ಪ್ರಮಾಣವಾಗುತ್ತದೆ. ಇದು ಸ್ಪರ್ಶಭ್ರಾಂತಿ. ಉಪಭೇದಗಳು ಎರಡು. (ಅ) ಗೂಢ: ಪ್ರೊಸೆಸರಿನೊಳಗೆ ಸ್ವಂತ ಗ್ರಾಫಿಕ್ಸ್ ಇದ್ದರೆ ಪರದೆ ಬೆಳಗುತ್ತದೆ, ಆಟವೂ ತೆರೆಯುತ್ತದೆ, ದೋಷವು ವರ್ಷಗಟ್ಟಲೆ ಅಜ್ಞಾತವಾಸ ಮಾಡಬಲ್ಲದು. (ಆ) ಸ್ವಯಂಪ್ರಕಾಶ: ಹೆಸರಿನ ಕೊನೆಗೆ ಎಫ್ ಎಂಬ ಅಕ್ಷರವುಳ್ಳ ಇಂಟೆಲ್ ಪ್ರೊಸೆಸರುಗಳಲ್ಲಿ ಆ ಸ್ವಂತ ಗ್ರಾಫಿಕ್ಸ್ ಇಲ್ಲ, ಪರದೆ ಕತ್ತಲಾಗಿಯೇ ಉಳಿದು ದೋಷ ಕೂಡಲೇ ಪ್ರಕಟವಾಗುತ್ತದೆ. ತುಸು ಅಗ್ಗದ ಪ್ರೊಸೆಸರು ಯಜಮಾನನನ್ನು ತುಸು ಬೇಗ ಉದ್ಧರಿಸುತ್ತದೆಂಬುದು ಈ ಶಾಸ್ತ್ರದ ಮೊದಲ ಸಿದ್ಧಾಂತ. ಚಿಕಿತ್ಸೆ: ಟಾರ್ಚು, ಮತ್ತು ಮೇಜಿನ ಸ್ಥಾನಾಂತರ.

2. ಪ್ರಾಗಭಾವ. ಹೊಸ ಡ್ರೈವರು ಇನ್ನೂ ಜನಿಸಿಲ್ಲ, ಅಥವಾ ಹಳತರ ಅವಶೇಷ ತೊಲಗಿಲ್ಲ. ರೇಡಿಯಾನಿನಿಂದ ಜಿಫೋರ್ಸಿಗೆ ಮತಾಂತರ ಹೊಂದಿದವರಲ್ಲಿ ವಿಶೇಷ. ಸೇಫ್ ಮೋಡಿನಲ್ಲಿ ಡಿಡಿಯು ಎಂಬ ತಂತ್ರಾಂಶದಿಂದ ಹಳತರ ಉತ್ತರಕ್ರಿಯೆ ಮುಗಿಸಿ ಹೊಸತನ್ನು ಹಾಕತಕ್ಕದ್ದು.

3. ಪ್ರಧ್ವಂಸಾಭಾವ. ಆರಂಭದಲ್ಲಿ ಸುಗಮ, ಅನಂತರ ಕುಸಿತ. ಬಿಸಿಯೇರಿದ ಚಿಪ್ಪು ಆತ್ಮರಕ್ಷಣಾರ್ಥವಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ; ಏಪ್ರಿಲ್ ತಿಂಗಳ ಮೂಡಲಗಿಯಲ್ಲಿ, ಧೂಳು ಕಟ್ಟಿದ ಫ್ಯಾನಿನ ಸಹಕಾರದಿಂದ, ಇದು ಅನಾಯಾಸ. ವಿದ್ಯುಲ್ಲೋಪವನ್ನೂ ಇಲ್ಲಿಯೇ ಸೇರಿಸಬೇಕೆಂಬವರುಂಟು. ಸ್ಲಾಟು ಕೊಡುವುದು 75 ವ್ಯಾಟ್, ಆರು ಪಿನ್ನಿನ ಕನೆಕ್ಟರು 75, ಎಂಟು ಪಿನ್ನಿನದು 150; ಹಳೆಯ ಎಸ್‌ಎಂಪಿಎಸ್ ಇಷ್ಟನ್ನು ಹೊರಲಾರದು ಎಂಬುದು ನಿಜ. ಆದರೆ ಆಗ ಸಾಮಾನ್ಯವಾಗಿ ಸೆಟ್ಟೇ ಆರಿಹೋಗುತ್ತದೆ. ಅದು ಮಾಂದ್ಯವಲ್ಲ, ನಿಧನ; ಪ್ರಕೃತ ಶಾಸ್ತ್ರಕ್ಕೆ ಬಾಹ್ಯ.

4. ಅನ್ಯೋನ್ಯಾಭಾವ. ಕಾರ್ಡು ಪ್ರೊಸೆಸರಲ್ಲ, ಪ್ರೊಸೆಸರು ಕಾರ್ಡಲ್ಲ. ಹಳೆಯ ಪ್ರೊಸೆಸರು ಬೆವರುತ್ತಿರುವಾಗ ಹೊಸ ಕಾರ್ಡು ಅರ್ಧ ನಿದ್ರೆಯಲ್ಲಿರುತ್ತದೆ. ಪರೀಕ್ಷೆ ವಿಲೋಮವಾದದ್ದು: ಆಟದ ರೆಸಲ್ಯೂಷನ್ನನ್ನು ಏರಿಸಿ ನೋಡಬೇಕು. ಏರಿಸಿಯೂ ಎಫ್‌ಪಿಎಸ್ ಇಳಿಯದಿದ್ದರೆ ಕಾರ್ಡು ನಿರಪರಾಧಿ. ಸ್ಮೃತಿದಂಡಗಳ ದೃಷ್ಟಿಯಿಂದ ಯಂತ್ರಗಳು ಏಕದಂಡಿ, ದ್ವಿದಂಡಿ ಎಂದು ಇಬ್ಬಗೆ. 16 ಜಿಬಿಯ ಒಂದೇ ರ್‍ಯಾಮ್ ಇರುವ ಏಕದಂಡಿಗಿಂತ 8 ಜಿಬಿಯ ಎರಡಿರುವ ದ್ವಿದಂಡಿಯು ಪ್ರಾಯಶಃ ಶೀಘ್ರಗಾಮಿ, ಏಕೆಂದರೆ ದತ್ತಾಂಶಕ್ಕೆ ಎರಡು ದಾರಿ ತೆರೆದಿರುತ್ತವೆ. ಸನ್ಯಾಸಾಶ್ರಮದ ತ್ರಿದಂಡಿ ಇಲ್ಲಿ ಅಪ್ರಶಸ್ತ.

ಉಳಿದದ್ದು ಒಂದು ವಿವಾದಾಂಶ. 144 ಹರ್ಟ್ಸಿನ ಮಾನಿಟರನ್ನೂ ಕೊಂಡು, ವಿಂಡೋಸಿನ ಸೆಟ್ಟಿಂಗನ್ನು 60ರಲ್ಲೇ ಬಿಟ್ಟವನ ಯಂತ್ರವು 144 ಚಿತ್ರಗಳನ್ನು ನಿಷ್ಠೆಯಿಂದ ರಚಿಸುತ್ತದೆ, ಪರದೆ 60ನ್ನು ಮಾತ್ರ ತೋರಿಸುತ್ತದೆ. ಚಿತ್ರಗಳಿವೆ, ದರ್ಶನವಿಲ್ಲ. ಲಕ್ಷಣಾನುಸಾರ ಅವನಿಗೆ ಮಾಂದ್ಯವಿಲ್ಲವಾದ್ದರಿಂದ ಈ ಶಾಸ್ತ್ರವು ಅವನಿಗೆ ಚಿಕಿತ್ಸೆ ವಿಧಿಸಲಾರದು.